ಟೇಪ್ ತಿರುಗುವಾಗ ಕರೆದವನು

೨೦೦೨ರ ಆಷಾಢದ ಒಂದು ಸಂಜೆ. ಟಿಳಕವಾಡಿಯ ಮಾಳಿಗೆ ಕೋಣೆಯಲ್ಲಿ ಕಂಪ್ಯೂಟರ್ ಆಟ ತಯಾರಿಸುವ ನಾಲ್ಕೈದು ಮಂದಿ ಮಳೆಗೆ ಸಿಕ್ಕಿ ಕುಳಿತಿದ್ದರು. ಅವರ ಧ್ವನಿ ಲೈಬ್ರರಿ ಎಂಬ ಪ್ರೋಗ್ರಾಮ್ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಒಂದೇ ಆಜ್ಞೆಗೆ ದನಿಯನ್ನು ಎಡಕ್ಕೋ ಬಲಕ್ಕೋ ಬೆನ್ನ ಹಿಂದೋ ನಿಲ್ಲಿಸುತ್ತಿತ್ತು. ಹೆಡ್‌ಫೋನ್ ಕಿವಿಗೇ ಅಂಟಿರುವುದರಿಂದ ಕೇಳುವವರು ತಿರುಗಿದರೆ ದನಿಯೂ ಜೊತೆಗೇ ತಿರುಗಬೇಕು. ಹೊಸದಾಗಿ ಸೇರಿದ ಪ್ರಾಚಿ ತೆರೆದ ಹಳೆಯ ಫೈಲೊಂದರ ದನಿ ಮಾತ್ರ ತಿರುಗಲಿಲ್ಲ. "ಕಾಕಾ, ಕೈ ಕೊಡ್ರಿ" ಎನ್ನುವ ಆ ಗಂಡಸಿನ ಕೂಗು, ಅವಳು ಕುರ್ಚಿ ಎತ್ತ ಹೊರಳಿಸಿದರೂ, ಎರಡೂ ಯಂತ್ರಗಳಲ್ಲಿ, ಧ್ವನಿಮುದ್ರಣದ ಮುದುಕ ಗುರುಸಿದ್ದಪ್ಪನವರು ಕೂತ ಕಡೆಯಿಂದಲೇ ಬರುತ್ತಿತ್ತು. ಅವಳಿಗೆ ಹೆದರಿಕೆಯಾಯಿತು.

ಗುರುಸಿದ್ದಪ್ಪ ಅವಳ ಮುಖ ನೋಡಿದರು.

"ಕುಂದರ್ರಿ ಎಲ್ಲಾರೂ. ನಡುವ ಬಾಯಿ ಹಾಕಬ್ಯಾಡ್ರಿ, ನನಗ ಸಿಟ್ಟ ಬರತೈತಿ. ಎರಡ ವರ್ಷದ ಹಿಂದ ಇದ ಆಟಕ್ಕ ಹಳ್ಳದಾಗ ಮುಳುಗಾವನ ಕೂಗು ಬೇಕಾಗಿತ್ತು. ನಾನೂ, ಕೂಗು ಕೊಡೂ ಹುಡುಗ ಸಂಜಯನೂ ಖಾನಾಪುರ ದಾಟಿ ಹಲಸಿ ಕಡೆ ಅಡವಿಗೆ ಹೋದ್ವಿ… ಹಳ್ಳ ತುಂಬಿ ಹರೀತಿತ್ತು. ನಾ ಟೇಪ್ ಹಿಡಕೊಂಡು ದಂಡೀಮ್ಯಾಲೆ, ಅಂವ ತಿರುವಿನ ಆಚೆ ನೀರಿನ ಅಂಚಿಗೆ, ಕಣ್ಣಿಗೆ ಕಾಣೂದಿಲ್ಲ. 'ಯಾರರ ಬರ್ರಿ' ಅಂತ ಕೂಗಬೇಕು, ಅಷ್ಟ ಮಾತು. ಟೇಪ್ ತಿರುಗುವಾಗ ನಾ ಕೆಮ್ಮೂದಿಲ್ಲ, ಯಾರ ಕರದ್ರೂ ಓ ಅನ್ನೂದಿಲ್ಲ. ನಲವತ್ತ ವರ್ಷದ ರೂಢಿ, ಅದರ ಸೊಕ್ಕೂ ಇತ್ತನ್ರಿ. ಎರಡ ಸಲ ಛಲೋ ಕೂಗಿದ. ಮೂರನೇದಕ್ಕ 'ಕಾಕಾ, ಕೈ ಕೊಡ್ರಿ' ಅಂದ. ನಾ ಏನ ತಿಳಕೊಂಡೆ ಹೇಳ್ರಿ? ಹುಡುಗ ಮಾತು ತಪ್ಪಿದ, ಆಮ್ಯಾಲೆ ಕತ್ತರಸೂಣು ಅಂದಕೊಂಡೆ… ಟೇಪ್ ಮುಗಿಯೂತನಕಾ ಸುಮ್ಮನ ಕುಂತೆ. ಮರುದಿನ ಒಂದ ಹರದಾರಿ ಕೆಳಗ ಹೆಣ ಸಿಕ್ತು.

"ಅವನ ಹೇಣ್ತಿ ತ್ರಿವೇಣಿ ಇಲ್ಲೇ ಈ ದನಿ ನಿಲ್ಲಸೂ ಪ್ರೋಗ್ರಾಮ್ ಬರೀತಿದ್ಲು. 'ನಿಮ್ಮನ್ನ ಕರದಿದ್ರೇನು ಕಾಕಾ?' ಅಂತ ಕೇಳಿದ್ಲು. 'ಇಲ್ಲವ್ವಾ, ಕಾಲ ಜಾರಿ ಒಮ್ಮೆಲೇ ಹ್ವಾದ' ಅಂದೆ. ಮೊದಲಿನ ಎರಡ ಕೂಗು ಅಷ್ಟ ಅಕೀಗೆ ಕೊಟ್ಟೆ; ಮೂರನೇದು ನನ್ನ ಕೈಯಾರೆ ಅಳಿಸಿದ್ದೆ. ಅವನ ನೆನಪಿಗಿರಲಿ ಅಂತ ಅಕಿ ಆ ಎರಡನ್ನ ಆಟದಾಗ ಹಾಕಿದ್ಲು. ಕೇಳಿದ್ರ… ಬಂದದ್ದು ಮೂರನೇದು. ಅದೂ ನನ್ನ ಕಡಿಂದ. ಮಷೀನ್ ಬದಲ ಮಾಡಿ ನೋಡಿದ್ಲು, ಬರದದ್ದೆಲ್ಲಾ ತಿದ್ದಿ ನೋಡಿದ್ಲು. ಕಡೀಕ ಹೆಡ್‌ಫೋನ್ ತೆಗದು ನನ್ನ ಮಾರಿ ನೋಡಿದ್ಲು. ತವರಮನಿಗೆ ಹ್ವಾದಾಕಿ ತಿರುಗಿ ಬರಲಿಲ್ಲ."

ಪ್ರಾಚಿ ಕೇಳಿದಳು: "ಅಜ್ಜಾರ, ಈಗರ ಒಮ್ಮೆ ಓ ಅನಬಾರದೇನ್ರಿ?"

"ದಿನಾ ಅನಬೇಕಂತೀನಿ ತಂಗಿ. ಆದ್ರ ಅಂವ ಓ ಅನ್ರಿ ಅಂತ ಕೇಳವಲ್ಲ, ಕೈ ಕೊಡ್ರಿ ಅಂತಾನ… ತ್ರಿವೇಣಿ ಮೊದಲ ಸಲ ಕೇಳಿದಾಗ, 'ದನಿ ನಿಮ್ಮ ಹಿಂದ ಹತ್ತ ಮಾರು ದೂರ ಐತಿ' ಅಂದಿದ್ಲು. ಈಗ ನಿನಗ ಎಷ್ಟ ಹತ್ತರ ಕೇಳಸ್ತು?"

ಪ್ರಾಚಿ ಅವರ ಬಲಗೈಯತ್ತ ಬೊಟ್ಟು ಮಾಡಿದಳು. ಮುದುಕರು ಆ ಕೈಯನ್ನು ಧೋತರದ ಚುಂಗಿನಿಂದ ಒರೆಸಿಕೊಳ್ಳುತ್ತಿದ್ದರು.

"ಖರೇ ಹೇಳ್ತೀನಿ… ಮುಂಜಾನಿಂದ ಎಷ್ಟ ವರಸಿದ್ರೂ ಈ ಕೈ ಒಣಗವಲ್ಲದು."