ಬೆಚ್ಚಗಿನ ಗೋಡೆ

ಕರೆಂಟು ಸಾಮಾನಿನ ಅಂಗಡಿಯಲ್ಲಿ ನನ್ನ ಮುಂದೆ ಅಕ್ಕತಂಗಿಯರು ನಿಂತಿದ್ದರು. ತಂಗಿ ರೂಮ್ ಹೀಟರ್ ಕೊಂಡಿದ್ದಳು.

"ಇನ್ನೊಂದಾ? ಇರೋ ಎರಡಕ್ಕೇ ಫ್ಯೂಸ್ ಹೋಗ್ತಿತ್ತಲ್ಲೇ!"

"ಈಗ ಹೋಗಲ್ಲ ಅಕ್ಕ. ನಮ್ಮನೆಯವರು ಫ್ಯೂಸಿಗೆ ಬಟ್ಟೆ ಒಣಗಿಸೋ ತಂತಿ ಸುತ್ತಿದಾರೆ."

"ಅಯ್ಯೋ, ಗೋಡೆಯೊಳಗಿನ ವೈರು ಸುಟ್ಟುಹೋಗುತ್ತೆ ಕಣೇ! ಓನರಿಗೆ ಹೇಳಿ ವೈರಿಂಗ್ ಬದಲಾಯಿಸು."

"ಹೇಳಿದ್ದಕ್ಕೆ ಮನೆ ಖಾಲಿ ಮಾಡಿ ಅಂದ."

"ಗೋಡೆ ಮುಟ್ಟಿ ನೋಡಿದೀಯಾ?"

"ಬಿಸಿ ಇದೆ. ಅಮ್ಮ ಮಂಚಾನ ಅಲ್ಲಿಗೇ ಎಳೆಸ್ಕೊಂಡಿದಾಳೆ. ಬೆನ್ನಿಗೆ ಹಾಯಾಗಿದೆಯಂತೆ."

"ಹುಚ್ಚು ಹಿಡಿದಿದೆಯೇನೇ ನಿಮಗೆಲ್ಲ? ಮೊದಲು ಮನೆಗೆ ಹೋಗಿ ಆ ಹೀಟರ್‌ಗಳನ್ನ ಆರಿಸು!"

"ಆರಿಸ್ತೀನಿ. ಅಮ್ಮನ್ನ ಇವತ್ತೇ ನಿಮ್ಮನೆಗೆ ಕರ್ಕೊಂಡು ಹೋಗ್ತೀಯಾ?"

ಅಕ್ಕ ಅಂಗಡಿಯವನ ಕಡೆ ತಿರುಗಿ, ಹೀಟರಿಗೆ ಎಷ್ಟು ವರ್ಷ ವಾರಂಟಿ ಎಂದು ಕೇಳಿದಳು. ಅವನು ಎರಡು ಎಂದ. ಪೆಟ್ಟಿಗೆಯನ್ನು ಆಚೆ ಈಚೆ ಹಿಡಿದುಕೊಂಡು ಇಬ್ಬರೂ ಮೆಟ್ಟಿಲಿಳಿದರು.