ಚಿತ್ರದಲ್ಲಿ ಇಲ್ಲದ ಹುಡುಗಿ

ಔರಾದ ಕಡೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಶಿಕ್ಷಕಿ ಕೂತಿದ್ದರು. ತೊಡೆಯ ಮೇಲೆ ಹಳೆಯ ಮಕ್ಕಳ ಪತ್ರಿಕೆಗಳ ಕಟ್ಟು. ಪಕ್ಕದಲ್ಲಿ ಬಂದು ಕೂತ ಅಜ್ಜಿ ಅದನ್ನೇ ದಿಟ್ಟಿಸಿದರು.

"ಟೀಚರ್, ಪಾಠದ ಪುಸ್ತಕ ಬಿಟ್ಟು ನಮ್ಮ ಮೊಮ್ಮಗಳಿಗೆ ಇವನ್ಯಾಕ ಓದಸ್ತೀರಿ?"

"ಚಿತ್ರ ನೋಡಿ ನಾಕು ಮಾತು ತಾವೇ ಬರೀಲಿ ಅಂತ್ರಿ, ಕೌಸಲ್ಯಾಬಾಯಿ."

"ನಮ್ಮ ಮಹಾಮಾಯಾ ಏನ್ ಬರದಾಳ?"

"ಅಡಗಿಮನಿ ಚಿತ್ರ ಕೊಟ್ಟಿದ್ದೆ. 'ಈ ಮನಿ ಹುಡುಗಿ ಎಲ್ಲಾರ ಭಾಂಡಿ ತಿಕ್ಕಿ ಆಮ್ಯಾಲ ಸಾಲಿಗಿ ಹೋಗ್ತಾಳ' ಅಂತ ಬರದಾಳ್ರಿ."

ಅಜ್ಜಿ ಸೆರಗು ಸರಿಮಾಡಿಕೊಂಡರು.

"ಮಕ್ಕಳ ಬಾಯಿಂದ ಮನಿ ಸುದ್ದಿ ತಗಿಲಿಕ್ಕ ಇದೊಂದು ಹಿಕಮತ್ತೇನ್ರಿ?"

"ನಾ ಏನೂ ಕೇಳಿಲ್ರಿ. ಚಿತ್ರದಾಗ ಹುಡುಗಿನೂ ಇರಲಿಲ್ಲ, ಭಾಂಡಿನೂ ಇರಲಿಲ್ಲ. ಒಲಿ ಮುಂದ ಒಂದು ಬೆಕ್ಕು ಮಲಗಿತ್ತು, ಅಷ್ಟ."

ಅಜ್ಜಿ ಮುಖ ಆಚೆ ತಿರುಗಿಸಿದರು. ಟೀಚರ್ ಮತ್ತೆ ಕೇಳಿದರು:

"ಆಕಿ ದಿನಾ ತಡಾ ಮಾಡಿ ಯಾಕ ಬರ್ತಾಳ್ರಿ?"

"ನಿದ್ದಿಬಡಕಿ ಅದಾಳ್ರಿ."

ಅವರ ಊರು ಎಕಂಬಾ ಬಂತು. ಅಜ್ಜಿ ಎದ್ದು ನಿಂತರು.

"ನಾಳಿಯಿಂದ ಜಲ್ದಿ ಕಳಸ್ತೇನಿ. ಆದ್ರ ಆ ಚಿತ್ರದ ಪುಸ್ತಕ ಮಾತ್ರ ಆಕಿ ಕೈಯಾಗ ಕೊಡಬ್ಯಾಡ್ರಿ."

"ಕೊಟ್ಟೇ ಕೊಡ್ತೇನ್ರಿ," ಅನ್ನುತ್ತ ಟೀಚರೂ ಪತ್ರಿಕೆಗಳ ಕಟ್ಟು ಎತ್ತಿಕೊಂಡು ಅವರ ಹಿಂದೆಯೇ ಇಳಿದರು.