ಎಡಗಿವಿಯ ಬೇಸ್

ಚಾರ್ಜರ್ ಬದಲಾಯಿಸಲೆಂದು ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಅಕ್ಕ-ತಂಗಿ ಇಬ್ಬರಿದ್ದರು. ತಂಗಿ ಒಂದೊಂದೇ ಇಯರ್‌ಫೋನ್ ಕಿವಿಗಿಟ್ಟು ನೋಡುತ್ತಿದ್ದಳು.

“ಬೇಸ್ ಕೆಲವರಿಗೆ ಎದೆಗೆ ಗುದ್ದಬೇಕು, ಕೆಲವರಿಗೆ ಬೆನ್ನು ಸವರಿದ ಹಾಗಿರಬೇಕು. ನಿಮಗೆ ಹೇಗೆ?” ಅಂಗಡಿಯವನು ಕೇಳಿದ.

“ಗುದ್ದೋದೇ ಇರಲಿ,” ಎಂದಳು ತಂಗಿ. “ಇದು ಚೆನ್ನಾಗಿದೆ. ಆದ್ರೆ ಹಾಡು ನಿಲ್ಲಿಸಿದ್ರೂ ಧಿಂ ಧಿಂ ಅಂತಾನೇ ಇದೆ.”

“ರಬ್ಬರ್ ಬಿಗಿಯಾಗಿ ಕೂತಿದೆ ಮೇಡಂ. ಕೇಳ್ತಿರೋದು ನಿಮ್ಮದೇ ಎದೆಬಡಿತ.”

ಅಕ್ಕ ನಕ್ಕಳು. ತಂಗಿ ಮಣಿಕಟ್ಟಿನ ನಾಡಿ ಹಿಡಿದು ನೋಡಿಕೊಂಡಳು.

“ಬಲಗಿವೀಲಿ ಕೇಳ್ತಿರೋದು ನಂದೇ. ಎಡಗಡೆದು ಬೇರೆ. ನಿಧಾನ. ನಡುನಡುವೆ ಒಂದು ಬಡಿತ ನುಂಗತ್ತೆ.”

ಅಕ್ಕನ ನಗು ಅರ್ಧಕ್ಕೇ ನಿಂತಿತು. “ನುಂಗಿದ್ಮೇಲೆ ಎರಡು ಜೋಡಿಯಾಗಿ ಬರತ್ತಾ?”

“ಹೂಂ. ನಿಂಗೆ ಹೇಗೆ ಗೊತ್ತು?”

“ಅಮ್ಮನ ಎದೆ ಮೇಲೆ ಕಿವಿಯಿಟ್ಟೇ ನಾನು ಮಲಗ್ತಿದ್ದಿದ್ದು. ನೀನಾಗ ತೊಟ್ಟಿಲಲ್ಲಿದ್ದೆ.”

“ಅಮ್ಮ ಹೋಗಿದ್ದೂ ನಿದ್ದೇಲೇ ಅಲ್ವಾ?”

ಅಕ್ಕ ಪರ್ಸ್ ತೆರೆದಳು.

“ಬೇಸ್ ಕಮ್ಮಿ ಇರೋದು ತೋರಿಸ್ಲಾ?” ಎಂದ ಅಂಗಡಿಯವನು.

“ಬೇಡ. ಇದನ್ನೇ ಕೊಡಿ,” ಎಂದು ಅಕ್ಕ ದುಡ್ಡು ಕೊಟ್ಟಳು.

ಇಯರ್‌ಫೋನ್ ತೆಗೆಯಲು ತಂಗಿ ಕೈ ಎತ್ತಿದಳು. ಅಕ್ಕ ಆ ಕೈಯನ್ನು ಹಿಡಿದುಕೊಂಡು, ಹಾಗೆಯೇ ಬಾಗಿಲ ಕಡೆಗೆ ನಡೆಸಿಕೊಂಡು ಹೋದಳು.

“ಕಿವೀಲೇ ಇರಲಿ. ರಾತ್ರಿನೂ ಹಾಕ್ಕೊಂಡೇ ಮಲಕ್ಕೋ. ಅದು ನಿಂತ್ರೆ ನನ್ನ ಎಬ್ಬಿಸು. ಅಮ್ಮಂದು ನಿಂತಾಗ ನನ್ನ ಎಬ್ಬಿಸೋರು ಯಾರೂ ಇರ್ಲಿಲ್ಲ.”